ಯೆರಿಕೋ ದಾರಿಯಲ್ಲಿ ಬಿದ್ದವನು

ಬೈಬಲ್ ಕಥೆಗಳು ಕಲೆಯ ಮೇಲೆ, ನೀತಿಯ ಮೇಲೆ, ಸಮಾಜದ ಮೇಲೆ ಏನು ಪರಿಣಾಮ ಬೀರಿವೆ ಅನ್ನುವುದು ನನಗೆ ಕೊಟ್ಟ ವಿಷಯ. ಇದು ತುಂಬಾ ದೊಡ್ಡದು. ಆದಾಮ, ನೋಹ, ಮೋಶೆ, ದಾವೀದ ಎಂದು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದರೆ ಹೊತ್ತು ಮುಗಿಯುತ್ತದೆ, ಯಾರ ಬಗ್ಗೆಯೂ ಏನೂ ಹೇಳಿದ ಹಾಗಾಗುವುದಿಲ್ಲ. ಅದಕ್ಕೆ ಒಂದೇ ಒಂದು ಕಥೆ ಹಿಡಿದುಕೊಂಡಿದ್ದೇನೆ. ಓದಿದರೆ ಒಂದು ಪುಟವೂ ಆಗದ ಕಥೆ. ಅದು ಚರ್ಚಿನ ಕಿಟಕಿಗೆ ಹೋಯಿತು, ಚಿತ್ರಕಾರರ ಕೈಗೆ ಹೋಯಿತು, ಆಸ್ಪತ್ರೆಗೆ, ಪ್ರಯೋಗಶಾಲೆಗೆ, ಕೋರ್ಟಿಗೆ ಹೋಯಿತು. ಕೊನೆಗೆ ನಮ್ಮ ಕರ್ನಾಟಕದ ಒಂದು ಕಾಯ್ದೆಯ ಹೆಸರಿನಲ್ಲೂ ಬಂದು ಕೂತಿತು.

ಈ ಕಥೆಯಲ್ಲಿ ಒಂದು ಮುಳ್ಳಿದೆ. ಎರಡು ಸಾವಿರ ವರ್ಷಗಳಲ್ಲಿ ಇದನ್ನು ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಆ ಮುಳ್ಳನ್ನು ತೆಗೆದುಹಾಕಿ ಉಳಿದದ್ದನ್ನು ಇಟ್ಟುಕೊಂಡರು. ಕೆಲವರು ಮಾತ್ರ ಮುಳ್ಳನ್ನೂ ಸೇರಿಸಿಯೇ ಹಿಡಿದರು. ನಾನು ಹೇಳಬೇಕೆಂದಿರುವುದು ಇಷ್ಟೇ.

ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಿಗೆ ಸುವಾರ್ತೆ ಎನ್ನುತ್ತಾರೆ; ಈ ಕಥೆ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿದೆ. ನಿಮ್ಮಲ್ಲಿ ಎಷ್ಟೋ ಜನ ಕೇಳಿರುತ್ತೀರಿ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಸಣ್ಣ ಸಣ್ಣ ವಿವರಗಳೇ ಮುಖ್ಯ. ಧರ್ಮಶಾಸ್ತ್ರ ಓದಿಕೊಂಡ ಒಬ್ಬ ಪಂಡಿತ ಯೇಸುವಿನ ಹತ್ತಿರ ಬಂದು, ನಿತ್ಯಜೀವ ಸಿಗಬೇಕಾದರೆ ನಾನೇನು ಮಾಡಬೇಕು ಎಂದು ಕೇಳುತ್ತಾನೆ. ಶಾಸ್ತ್ರದಲ್ಲಿ ಏನಿದೆ ನೀನೇ ಹೇಳು ಎನ್ನುತ್ತಾರೆ ಯೇಸು. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಪಂಡಿತನಿಗೆ ಅದು ಬಾಯಿಪಾಠ. ಸರಿ, ಹಾಗೇ ಮಾಡು ಎನ್ನುತ್ತಾರೆ ಯೇಸು. ಪಂಡಿತ ಅಲ್ಲಿಗೆ ಬಿಡುವುದಿಲ್ಲ. ‘ನನ್ನ ನೆರೆಯವನು ಯಾರು?’ ಎಂದು ಕೇಳುತ್ತಾನೆ. ಎಲ್ಲಿಯವರೆಗೆ ಪ್ರೀತಿಸಿದರೆ ಸಾಕು, ಗೆರೆ ಎಲ್ಲಿದೆ ತೋರಿಸಿ ಅನ್ನುವ ಪ್ರಶ್ನೆ ಅದು. ಅದಕ್ಕೆ ಉತ್ತರವಾಗಿ ಬಂದದ್ದು ಈ ಕಥೆ.

ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋಗೆ ಇಳಿದು ಹೋಗುತ್ತಿದ್ದ. ಇಳಿದು ಅನ್ನುವುದು ನಿಜವಾಗಿಯೂ ಇಳಿಯುವುದೇ. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗಿದೆ. ಮೂವತ್ತು ಕಿಲೋಮೀಟರಿನೊಳಗೆ ಒಂದು ಸಾವಿರ ಮೀಟರ್ ಇಳಿಜಾರು. ಬೋಳು ಗುಡ್ಡ, ತಿರುವು, ಕಣಿವೆ. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಅವರು ಇವನನ್ನು ಹಿಡಿದು, ಬಟ್ಟೆ ಕಿತ್ತುಕೊಂಡು, ಹೊಡೆದು, ಅರೆಜೀವ ಮಾಡಿ ಬಿಟ್ಟು ಹೋದರು. ಆ ದಾರಿಯಲ್ಲಿ ಒಬ್ಬ ಯಾಜಕ ಬಂದ. ನೋಡಿದ, ಆಚೆ ಬದಿಯಿಂದ ಹೋದ. ಆಮೇಲೆ ದೇವಾಲಯದ ಸೇವೆಯ ಕುಲದವನಾದ ಒಬ್ಬ ಲೇವಿಯ ಬಂದ. ಅವನೂ ನೋಡಿದ, ಆಚೆ ಬದಿಯಿಂದ ಹೋದ.

ಆಮೇಲೆ ಒಬ್ಬ ಸಮಾರ್ಯದವನು ಬಂದ. ನೋಡಿದ, ಕನಿಕರಪಟ್ಟ. ಹತ್ತಿರ ಹೋಗಿ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಅವನನ್ನು ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋದ, ಅಲ್ಲಿ ಆರೈಕೆ ಮಾಡಿದ. ಮಾರನೇ ದಿನ ಎರಡು ಬೆಳ್ಳಿ ನಾಣ್ಯ ತೆಗೆದು ಛತ್ರದವನಿಗೆ ಕೊಟ್ಟು, ಇವನನ್ನು ನೋಡಿಕೋ, ಇದಕ್ಕಿಂತ ಹೆಚ್ಚು ಖರ್ಚಾದರೆ ನಾನು ತಿರುಗಿ ಬಂದಾಗ ಕೊಡುತ್ತೇನೆ ಎಂದ. ಆ ಕಾಲದಲ್ಲಿ ಒಂದು ನಾಣ್ಯ ಅಂದರೆ ಕೂಲಿಯವನ ಒಂದು ದಿನದ ಸಂಬಳ.

ಕಥೆ ಮುಗಿಸಿ ಯೇಸು ಕೇಳುತ್ತಾರೆ: ಈ ಮೂವರಲ್ಲಿ ಕಳ್ಳರ ಕೈಗೆ ಸಿಕ್ಕವನಿಗೆ ನೆರೆಯವನಾದವನು ಯಾರು? ಪ್ರಶ್ನೆಯೇ ತಿರುಗಿಬಿಟ್ಟಿತು ನೋಡಿ. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ, ನೀನು ಯಾರಿಗೆ ನೆರೆಯವನಾದೆ ಎಂಬ ಪ್ರಶ್ನೆ ವಾಪಸ್ ಬಂತು. ಪಂಡಿತ ‘ದಯೆ ತೋರಿಸಿದವನು’ ಎನ್ನುತ್ತಾನೆ. ‘ಸಮಾರ್ಯದವನು’ ಎಂದು ಅವನ ಬಾಯಲ್ಲಿ ಬರುವುದಿಲ್ಲ.

ಮುಳ್ಳು ಇಲ್ಲೇ ಇದೆ. ಯೆಹೂದಿಗಳಿಗೂ ಸಮಾರ್ಯದವರಿಗೂ ಶತಮಾನಗಳ ಹಗೆ. ಇಬ್ಬರೂ ಒಂದೇ ದೇವರನ್ನು ನಂಬುವವರು, ಇಬ್ಬರಿಗೂ ಮೋಶೆಯ ಗ್ರಂಥಗಳೇ ಆಧಾರ. ಆದರೆ ಯೆಹೂದಿಗಳಿಗೆ ಪವಿತ್ರ ಸ್ಥಳ ಯೆರೂಸಲೇಮ್, ಸಮಾರ್ಯದವರಿಗೆ ಗೆರಿಜೀಮ್ ಬೆಟ್ಟ. ಕ್ರಿಸ್ತಪೂರ್ವ ಎರಡನೇ ಶತಮಾನದ ಕೊನೆಯ ಹೊತ್ತಿಗೆ ಯೆಹೂದಿ ದೊರೆ ಹಿರ್ಕಾನಸ್ ಗೆರಿಜೀಮ್ ಮೇಲಿದ್ದ ಅವರ ದೇವಾಲಯವನ್ನು ಕೆಡವಿಸಿದ. ಯೇಸು ಇನ್ನೂ ಹುಡುಗನಾಗಿದ್ದ ಕಾಲದಲ್ಲಿ ಸಮಾರ್ಯದವರು ಯೆರೂಸಲೇಮಿನ ದೇವಾಲಯಕ್ಕೆ ನುಗ್ಗಿ ಸತ್ತವರ ಮೂಳೆ ಎಸೆದರು ಎಂದು ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ನೆರೆಹೊರೆಯ ಹಗೆ ದೂರದ ಹಗೆಗಿಂತ ಜಾಸ್ತಿ ಸುಡುತ್ತದೆ.

ಲೂಕನ ಸುವಾರ್ತೆಯಲ್ಲಿ ಈ ಕಥೆಗೆ ಒಂದೇ ಅಧ್ಯಾಯ ಹಿಂದೆ ಏನಿದೆ ಗೊತ್ತಾ? ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಸೇರಿಸುವುದಿಲ್ಲ. ಸಿಟ್ಟಾದ ಶಿಷ್ಯರಿಬ್ಬರು, ಆಕಾಶದಿಂದ ಬೆಂಕಿ ಬಿದ್ದು ಈ ಹಳ್ಳಿ ಸುಟ್ಟುಹೋಗಲಿ ಎಂದು ಹೇಳೋಣವಾ ಎಂದು ಕೇಳುತ್ತಾರೆ. ಯೇಸು ಅವರನ್ನು ಗದರಿಸುತ್ತಾರೆ. ಆ ಗದರಿಕೆಯ ಸದ್ದು ಅಡಗುವ ಮೊದಲೇ ಈ ಕಥೆ ಬರುತ್ತದೆ. ಇನ್ನೊಂದು ಸುವಾರ್ತೆಯಲ್ಲಿ, ಬಾವಿಯ ಹತ್ತಿರ ಯೇಸು ನೀರು ಕೇಳಿದಾಗ ಸಮಾರ್ಯದ ಹೆಂಗಸು ‘ಯೆಹೂದಿಯಾದ ನೀನು ನನ್ನ ಕೈಯಲ್ಲಿ ನೀರು ಕೇಳುತ್ತೀಯಾ?’ ಎಂದು ಬೆರಗಾಗುತ್ತಾಳೆ. ಆ ಬೆರಗನ್ನು ನಮ್ಮೂರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಂದಿನ ಕೇಳುಗರ ಜಾಗದಲ್ಲಿ ಕೂತು ನೋಡಿ. ಯಾಜಕ ಬಂದ, ಲೇವಿಯ ಬಂದ. ಮೂರನೆಯವನಾಗಿ ನಮ್ಮ ಹಾಗಿನ ಒಬ್ಬ ಸಾಮಾನ್ಯ ಯೆಹೂದಿ ಬಂದು ಕಾಪಾಡುತ್ತಾನೆ ಎಂದು ಅವರು ಕಾದಿರುತ್ತಾರೆ. ಬಂದದ್ದು ಹಗೆಯವನು. ಒಬ್ಬ ಯೆಹೂದಿ ಬಡ ಸಮಾರ್ಯದವನಿಗೆ ಸಹಾಯ ಮಾಡಿದ ಎಂದಿದ್ದರೆ ಅದು ಬರೀ ದಯೆಯ ಕಥೆ, ಕೇಳಿದವರು ತಲೆದೂಗಿ ಮನೆಗೆ ಹೋಗಬಹುದಿತ್ತು. ಇಲ್ಲಿ ದಾರಿಯಲ್ಲಿ ಬಿದ್ದವನೇ ಕೇಳುಗ. ಯಾರ ಕೈ ಸೋಕಬಾರದು ಎಂದುಕೊಂಡಿದ್ದನೋ ಆ ಕೈಯೇ ಅವನ ಗಾಯಕ್ಕೆ ಎಣ್ಣೆ ಹಚ್ಚುತ್ತಿದೆ.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಈ ಕಥೆಯನ್ನು ಯೆಹೂದಿಗಳನ್ನು ಹಳಿಯಲು ಬಹಳ ಬಳಸಿದ್ದಾರೆ. ಯಾಜಕನಿಗೆ ಮೈಲಿಗೆಯ ಭಯ, ಅವರ ಧರ್ಮವೇ ಅಂಥದ್ದು, ಅದಕ್ಕೇ ಮುಟ್ಟಲಿಲ್ಲ ಎಂದು ಎಷ್ಟೋ ಪ್ರಸಂಗಗಳಲ್ಲಿ ಹೇಳುತ್ತಾರೆ. ಕಥೆಯಲ್ಲಿ ಆ ಮಾತೇ ಇಲ್ಲ. ಯಾಜಕ ದೇವಾಲಯಕ್ಕೆ ಹೋಗುತ್ತಿರಲಿಲ್ಲ, ಯೆರೂಸಲೇಮಿನ ಕಡೆಯಿಂದ ಇಳಿದು ಬರುತ್ತಿದ್ದ. ಜೀವ ಉಳಿಸುವುದು ಉಳಿದ ವಿಧಿಗಳಿಗಿಂತ ದೊಡ್ಡದು ಎಂದು ಯೆಹೂದಿ ಧರ್ಮವೇ ಹೇಳುತ್ತದೆ. ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಅನ್ನುವುದೂ ಯೆಹೂದಿ ಗ್ರಂಥದ ಮಾತು, ಯಾಜಕಕಾಂಡದ ಹತ್ತೊಂಬತ್ತನೇ ಅಧ್ಯಾಯದ್ದು. ಕಥೆ ಹೇಳಿದವರೂ ಯೆಹೂದಿ, ಕೇಳಿದವರೂ ಯೆಹೂದಿ. ಹಗೆಯನ್ನು ಒಡೆಯಲು ಹುಟ್ಟಿದ ಕಥೆಯನ್ನೇ ಹಗೆ ಕಟ್ಟಲು ಬಳಸಿದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಸಂಗತಿ.

ಇದಕ್ಕೆ ಇನ್ನೂ ಹಳೆಯ ಬೇರೊಂದಿದೆ. ಹಳೇ ಒಡಂಬಡಿಕೆಯ ಪೂರ್ವಕಾಲವೃತ್ತಾಂತದ ಎರಡನೇ ಭಾಗ, 28ನೇ ಅಧ್ಯಾಯ ತೆಗೆದು ನೋಡಿ. ಉತ್ತರದ ಇಸ್ರೇಲ್ ರಾಜ್ಯದವರು ಯುದ್ಧದಲ್ಲಿ ಗೆದ್ದು ಯೆಹೂದದ ಜನರನ್ನು ಸೆರೆಹಿಡಿದು ಸಮಾರ್ಯಕ್ಕೆ ತರುತ್ತಾರೆ. ಓದೇದ್ ಎಂಬ ಪ್ರವಾದಿ ಎದುರು ನಿಂತು, ಇವರು ನಿಮ್ಮ ಒಡಹುಟ್ಟಿದವರು, ಬಿಟ್ಟುಬಿಡಿ ಎನ್ನುತ್ತಾನೆ. ಆಗ ಸಮಾರ್ಯದವರು ಸೆರೆಯವರಿಗೆ ಬಟ್ಟೆ ಉಡಿಸಿ, ಊಟ ಕೊಟ್ಟು, ಎಣ್ಣೆ ಹಚ್ಚಿ, ನಡೆಯಲಾರದವರನ್ನು ಕತ್ತೆಗಳ ಮೇಲೆ ಕೂರಿಸಿ ಯೆರಿಕೋವರೆಗೆ ಬಿಟ್ಟುಬರುತ್ತಾರೆ. ಬಟ್ಟೆ, ಎಣ್ಣೆ, ಕತ್ತೆ, ಯೆರಿಕೋ, ಸಮಾರ್ಯ. ಹಳೆಯ ಗ್ರಂಥ ಬಲ್ಲ ಕೇಳುಗರಿಗೆ ಇದು ನೆನಪಾಗದೇ ಇರುತ್ತಾ?

ಇನ್ನು ಕಲೆಯ ವಿಷಯಕ್ಕೆ ಬರೋಣ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಗೊತ್ತು, ಬೈಬಲ್ ಕಥೆಗಳು ಗೋಡೆ, ಚಾವಣಿ ತುಂಬಾ ಬಣ್ಣವಾಗಿ ಹರಡಿದರೆ ಹೇಗಿರುತ್ತದೆ ಎಂದು. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅದನ್ನು ಬರೆದರು. ಓದು ಬಾರದವರಿಗೆ ಚಿತ್ರವೇ ಪುಸ್ತಕ ಅನ್ನುವ ಹಳೆಯ ನಂಬಿಕೆ ಅದರ ಹಿಂದಿದೆ. ಆದರೆ ಚಿತ್ರ ಕಥೆಯನ್ನು ಇದ್ದ ಹಾಗೆ ಹೇಳುವುದಿಲ್ಲ, ತನಗೆ ಬೇಕಾದ ಹಾಗೆ ಹೇಳುತ್ತದೆ.

ಇಟಲಿಯ ರೊಸ್ಸಾನೊ ಊರಿನಲ್ಲಿ ಆರನೇ ಶತಮಾನದ ಒಂದು ಸುವಾರ್ತೆ ಹಸ್ತಪ್ರತಿ ಇದೆ. ನೇರಳೆ ಬಣ್ಣದ ಚರ್ಮದ ಹಾಳೆಗಳು, ಬೆಳ್ಳಿಯ ಶಾಯಿ. ಅದರಲ್ಲಿ ನಮ್ಮ ಕಥೆಯ ಚಿತ್ರವಿದೆ. ಬಿದ್ದವನ ಮೇಲೆ ಬಾಗಿರುವ ಸಮಾರ್ಯದವನ ತಲೆಯ ಹಿಂದೆ ಶಿಲುಬೆಯ ಪ್ರಭಾವಳಿ! ಅಂದರೆ ಅವನು ಸ್ವತಃ ಕ್ರಿಸ್ತ. ಪಕ್ಕದಲ್ಲಿ ದೇವದೂತನೊಬ್ಬ ಬಟ್ಟಲು ಹಿಡಿದು ನಿಂತಿದ್ದಾನೆ. ಹೀಗೆ ಓದುವ ಪದ್ಧತಿ ಮೊದಲೇ ಬೆಳೆದಿತ್ತು. ಸಂತ ಅಗಸ್ಟೀನ್ ಪ್ರಕಾರ ಬಿದ್ದವನು ಆದಾಮ, ಕಳ್ಳರು ಸೈತಾನ ಮತ್ತು ಅವನ ದೂತರು, ಛತ್ರ ಅಂದರೆ ಚರ್ಚು, ಛತ್ರದವನು ಅಪೊಸ್ತಲ ಪೌಲ. ಫ್ರಾನ್ಸಿನ ಶಾರ್ತ್ರ್ ಕ್ಯಾಥೆಡ್ರಲ್‌ನಲ್ಲಿ ಹದಿಮೂರನೇ ಶತಮಾನದ ಮೊದಲ ಭಾಗದ ಒಂದು ಬಣ್ಣದ ಗಾಜಿನ ಕಿಟಕಿ ಈ ಓದನ್ನೇ ಹೇಳುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ತಳದಲ್ಲಿ ಕಿಟಕಿಗೆ ದುಡ್ಡು ಕೊಟ್ಟ ಚಪ್ಪಲಿ ಹೊಲಿಯುವವರು ತಮ್ಮ ಕೆಲಸ ಮಾಡುತ್ತಾ ಕೂತಿದ್ದಾರೆ. ಅದರ ಮೇಲೆ ಸಮಾರ್ಯದವನ ಕಥೆ. ಅದರ ಮೇಲೆ ಆದಾಮ ಹವ್ವರ ಕಥೆ.

ತುಂಬಾ ಸುಂದರವಾದ ಕಿಟಕಿ ಅದು. ಆ ಓದಿನಲ್ಲಿ ಆಳವಾದ ಭಕ್ತಿಯೂ ಇದೆ, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಸಮಾರ್ಯದವನು ದೇವರೇ ಆಗಿಬಿಟ್ಟರೆ ಹಗೆಯವನು ಎಲ್ಲಿ ಹೋದ? ದೇವರ ಕೈಯಿಂದ ಉಪಕಾರ ಪಡೆಯಲು ಯಾರಿಗೂ ಕಷ್ಟವಿಲ್ಲ. ಮುಳ್ಳು ಮೊದಲ ಸಲ ಹೋದದ್ದು ಇಲ್ಲಿ.

ಡಚ್ ಚಿತ್ರಕಾರ ರೆಂಬ್ರಾಂಟ್ ಆ ಪ್ರಭಾವಳಿಯನ್ನು ತೆಗೆದುಹಾಕಿದ. 1633ರಲ್ಲಿ ಅವನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದ ಚಿತ್ರ ನೋಡಿ. ಛತ್ರದ ಬಾಗಿಲು. ಆಳೊಬ್ಬ ಗಾಯಗೊಂಡವನನ್ನು ಕುದುರೆಯಿಂದ ಇಳಿಸುತ್ತಿದ್ದಾನೆ, ಹುಡುಗನೊಬ್ಬ ಲಗಾಮು ಹಿಡಿದಿದ್ದಾನೆ. ಹಿಂದೆ ಹೆಂಗಸೊಬ್ಬಳು ಬಾವಿಯಿಂದ ನೀರು ಸೇದುತ್ತಿದ್ದಾಳೆ. ಮೆಟ್ಟಿಲ ಮೇಲೆ ಸಮಾರ್ಯದವನು ಛತ್ರದವನ ಜೊತೆ ಮಾತಾಡುತ್ತಿದ್ದಾನೆ, ಅವನ ಬೆನ್ನು ನಮ್ಮ ಕಡೆಗಿದೆ. ಎಲ್ಲಕ್ಕಿಂತ ಮುಂದೆ, ಕಣ್ಣಿಗೆ ಹೊಡೆಯುವ ಹಾಗೆ, ನಾಯಿಯೊಂದು ಕಕ್ಕ ಮಾಡುತ್ತಾ ಕೂತಿದೆ. ಪವಿತ್ರ ಕಥೆಯ ಚಿತ್ರದಲ್ಲಿ ಇದೇಕೆ ಎಂದು ಜನ ಇವತ್ತಿಗೂ ಕೇಳುತ್ತಾರೆ. ನನಗನ್ನಿಸುವುದು ಇಷ್ಟು: ಲೋಕ ತನ್ನ ಪಾಡಿಗೆ ತಾನಿರುವಾಗಲೇ, ನಾಯಿ, ಬಾವಿ, ಕುದುರೆಗಳ ನಡುವೆಯೇ, ಒಬ್ಬ ಇನ್ನೊಬ್ಬನ ಜೀವ ಉಳಿಸುತ್ತಾನೆ. ಅದಕ್ಕೆ ಬೇರೆ ಪವಿತ್ರ ಜಾಗ ಇಲ್ಲ.

ಲಂಡನ್ನಿನ ಸೇಂಟ್ ಬಾರ್ಥಾಲೊಮ್ಯೂ ಆಸ್ಪತ್ರೆಯಲ್ಲಿ 1730ರ ದಶಕದಲ್ಲಿ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್ ಇದೇ ಕಥೆಯನ್ನು ದೊಡ್ಡದಾಗಿ ಬರೆದ, ಒಂದು ಕಾಸೂ ತೆಗೆದುಕೊಳ್ಳದೆ. ಚಿತ್ರ ಇರುವುದು ಆಸ್ಪತ್ರೆಯ ಆಡಳಿತದವರು ಸಭೆ ಸೇರುವ ದೊಡ್ಡ ಹಾಲ್‌ಗೆ ಹತ್ತುವ ಮೆಟ್ಟಿಲ ಗೋಡೆಯ ಮೇಲೆ. ಹಣ ಕೊಡಬೇಕಾದವರು, ಹಣದ ಬಗ್ಗೆ ತೀರ್ಮಾನ ಮಾಡಬೇಕಾದವರು, ಛತ್ರದವನ ಕೈಗೆ ನಾಣ್ಯ ಕೊಟ್ಟವನನ್ನು ದಾಟಿಯೇ ಮೇಲೆ ಹೋಗಬೇಕು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ವ್ಯಾನ್‌ಗಾಗ್‌ನ ಚಿತ್ರದ ಕಡೆಗೆ. 1890ರ ಮೇ ತಿಂಗಳು. ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿ ಅವನು ರೋಗಿ. ಕೈಯಲ್ಲಿದ್ದದ್ದು ಫ್ರೆಂಚ್ ಚಿತ್ರಕಾರ ದೆಲಾಕ್ರಾ ಬರೆದ ಚಿತ್ರದ ಒಂದು ಕಪ್ಪು ಬಿಳುಪು ಅಚ್ಚು. ಅದನ್ನು ನೋಡಿ ತನ್ನದೇ ಹಳದಿ, ನೀಲಿ ಬಣ್ಣಗಳಲ್ಲಿ ಬರೆದ. ಬೇರೆಯವರು ಬರೆದ ಸಂಗೀತವನ್ನು ವಾದಕ ತನ್ನ ರೀತಿಯಲ್ಲಿ ನುಡಿಸುತ್ತಾನಲ್ಲ, ಹಾಗೆ ಇಂಥ ಕೆಲಸ ಎಂದು ತಮ್ಮ ತಿಯೋಗೆ ಮೊದಲೇ ಬರೆದಿದ್ದ. ಚಿತ್ರದಲ್ಲಿ ಸಮಾರ್ಯದವನು ಗಾಯಾಳುವನ್ನು ಕುದುರೆಯ ಮೇಲೆ ಎತ್ತಿ ಕೂರಿಸಲು ಒದ್ದಾಡುತ್ತಿದ್ದಾನೆ. ಬೆನ್ನು ಬಾಗಿದೆ, ಹಿಮ್ಮಡಿ ಚಪ್ಪಲಿಯಿಂದ ಮೇಲೆದ್ದಿದೆ. ಗಾಯಾಳು ಅವನ ಕುತ್ತಿಗೆಗೆ ಜೋತುಬಿದ್ದಿದ್ದಾನೆ. ಪಕ್ಕದಲ್ಲಿ ಖಾಲಿ ಪೆಟ್ಟಿಗೆ ಬಾಯಿ ತೆರೆದು ಬಿದ್ದಿದೆ. ದಾರಿಯ ಮೇಲೆ ದೂರದಲ್ಲಿ, ಹೋಗಿಬಿಟ್ಟ ಇಬ್ಬರು ಸಣ್ಣದಾಗಿ ಕಾಣುತ್ತಾರೆ. ಮನುಷ್ಯನ ದೇಹ ಎಷ್ಟು ಭಾರ ಅನ್ನುವುದು ಈ ಚಿತ್ರ ನೋಡಿದರೆ ತಿಳಿಯುತ್ತದೆ. ದಯೆ ಇಲ್ಲಿ ಬೆನ್ನುಮೂಳೆಯ ಕೆಲಸ.

ಇದನ್ನು ಬರೆದವನು ಯಾರು ನೋಡಿ. ಪಾದ್ರಿಯ ಮಗ. ಇಪ್ಪತ್ತೈದು ದಾಟಿದ ಹೊತ್ತಿಗೆ ಬೆಲ್ಜಿಯಂನ ಬೊರಿನಾಜ್ ಕಲ್ಲಿದ್ದಲ ಗಣಿ ಪ್ರದೇಶಕ್ಕೆ ಧರ್ಮಬೋಧಕನಾಗಿ ಹೋದ. ತನ್ನ ಬಟ್ಟೆಗಳನ್ನು ಗಣಿಯವರಿಗೆ ಕೊಟ್ಟ, ಅವರ ಹಾಗೇ ಬದುಕಿದ. ಅದು ಬೋಧಕನ ಘನತೆಗೆ ತಕ್ಕದ್ದಲ್ಲ ಎಂದು ಚರ್ಚಿನವರು 1879ರಲ್ಲಿ ಅವನ ಕೆಲಸ ಮುಂದುವರಿಸಲಿಲ್ಲ. ಹನ್ನೊಂದು ವರ್ಷದ ಮೇಲೆ, ತಾನೇ ದಾರಿಯಲ್ಲಿ ಬಿದ್ದವನಾಗಿದ್ದಾಗ, ಎತ್ತುವವನ ಚಿತ್ರ ಬರೆದ. ಅದೇ ಜುಲೈನಲ್ಲಿ ತೀರಿಕೊಂಡ.

ಕಲೆಯ ಮಾತು ಸ್ವಲ್ಪ ಹೆಚ್ಚೇ ಆಯಿತು. ನೀತಿಗೆ ಬರುತ್ತೇನೆ. ಒಂದು ಕಥೆ ಕೇಳಿದರೆ ಮನುಷ್ಯ ಒಳ್ಳೆಯವನಾಗುತ್ತಾನಾ? ಇದನ್ನು ನಿಜವಾಗಿಯೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಿ ಎಂದರು. ಅರ್ಧ ಜನರಿಗೆ ಕೊಟ್ಟ ವಿಷಯ ಇದೇ ಸಮಾರ್ಯದವನ ಕಥೆ. ಕೆಲವರಿಗೆ ‘ಇನ್ನೂ ಟೈಮಿದೆ’ ಎಂದರು, ಕೆಲವರಿಗೆ ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದರು. ದಾರಿಯಲ್ಲಿ ಬಾಗಿಲ ಸಂದಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನು ಪ್ರಯೋಗದವರೇ ಕೂರಿಸಿದ್ದವನು.

ಅವಸರವಿಲ್ಲದವರಲ್ಲಿ ನೂರಕ್ಕೆ 63ರಷ್ಟು ಮಂದಿ ಏನಾದರೂ ಸಹಾಯ ಮಾಡಿದರು. ತುಂಬಾ ಅವಸರದಲ್ಲಿದ್ದವರಲ್ಲಿ ನೂರಕ್ಕೆ 10ರಷ್ಟು ಮಾತ್ರ. ಭಾಷಣದ ವಿಷಯ ಸಮಾರ್ಯದವನ ಕಥೆಯೋ ಬೇರೆಯೋ ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆ ಕಥೆಯ ಮೇಲೆ ಮಾತಾಡಲು ಹೋಗುತ್ತಲೇ ಬಿದ್ದವನನ್ನು ದಾಟಿ ಹೋದವರೂ ಇದ್ದರು.

ಹಾಗಾದರೆ ಕಥೆ ಸೋತಿತು ಅನ್ನಬೇಕಾ? ನನಗೆ ಹಾಗೆ ಅನ್ನಿಸುವುದಿಲ್ಲ. ಆ ಹುಡುಗರು ಕೆಟ್ಟವರಲ್ಲ. ಕಥೆ ಒಬ್ಬೊಬ್ಬರ ಎದೆಯೊಳಗೆ ಮಾತ್ರ ಉಳಿದರೆ ಅವಸರ, ಭಯ, ಕೆಲಸ ಇವುಗಳ ಎದುರು ಅದು ನಿಲ್ಲುವುದು ಕಷ್ಟ. ಅದಕ್ಕೇ ಅದು ಎದೆಯಿಂದ ಹೊರಗೆ ಬಂದು ಆಸ್ಪತ್ರೆಯಾಗಬೇಕು, ಕಾಯ್ದೆಯಾಗಬೇಕು. ಆಗಿದೆ ಕೂಡ.

ಇಲ್ಲಿ ವಕೀಲರು, ಕಾನೂನು ವಿದ್ಯಾರ್ಥಿಗಳು ಇದ್ದೀರಿ. ನಿಮಗೆ ಬಸವನಹುಳುವಿನ ಕೇಸ್ ಗೊತ್ತೇ ಇರುತ್ತದೆ. ಉಳಿದವರಿಗೆ ಹೇಳುತ್ತೇನೆ. 1928ರ ಆಗಸ್ಟ್ 26, ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಒಂದು ಹೋಟೆಲ್. ಮೇ ಡೊನೊಹ್ಯೂ ಎಂಬ ಬಡ ಹೆಂಗಸಿಗೆ ಅವಳ ಜೊತೆಗಿದ್ದವರು ಜಿಂಜರ್ ಬಿಯರ್ ಕೊಡಿಸಿದರು. ಬಾಟಲಿ ಕಂದು ಬಣ್ಣದ್ದು, ಒಳಗಿದ್ದದ್ದು ಕಾಣದು. ಅರ್ಧ ಕುಡಿದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಬಂತು ಎಂದು ಅವಳ ದೂರು. ಅವಳಿಗೆ ಕಾಯಿಲೆಯಾಯಿತು. ದುಡ್ಡು ಕೊಟ್ಟವಳು ಅವಳಲ್ಲ, ಹಾಗಾಗಿ ತಯಾರಿಸಿದವನಿಗೂ ಅವಳಿಗೂ ಯಾವ ಒಪ್ಪಂದವೂ ಇಲ್ಲ. ಒಪ್ಪಂದ ಇಲ್ಲದವಳಿಗೆ ಅವನೇಕೆ ಜವಾಬ್ದಾರ? ಕೇಸು ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 1932ರ ಮೇ 26ರಂದು ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಅವಳ ಪರ ನಿಂತರು.

ಅವರಲ್ಲಿ ಲಾರ್ಡ್ ಆಟ್ಕಿನ್ ನಮ್ಮ ಪಂಡಿತನ ಪ್ರಶ್ನೆಯನ್ನೇ ಎತ್ತಿಕೊಂಡರು. ನೆರೆಯವನನ್ನು ಪ್ರೀತಿಸು ಅನ್ನುವ ನಿಯಮ ಕಾನೂನಿನಲ್ಲಿ ನೆರೆಯವನಿಗೆ ಹಾನಿ ಮಾಡಬೇಡ ಎಂದಾಗುತ್ತದೆ. ನನ್ನ ನೆರೆಯವನು ಯಾರು ಅನ್ನುವ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಸೀಮಿತವಾದದ್ದು ಎಂದರು. ನಾನು ಮಾಡುವ ಕೆಲಸದಿಂದ ನೇರವಾಗಿ ತೊಂದರೆಗೆ ಸಿಕ್ಕಬಹುದಾದವರೆಲ್ಲ ನನ್ನ ನೆರೆಯವರು. ಬೇಜವಾಬ್ದಾರಿಯಿಂದ ಆದ ಹಾನಿಗೆ ಪರಿಹಾರ ಕೇಳುವ ಇವತ್ತಿನ ಕಾನೂನಿನ ಬುಡ ಇದೇ. ನಮ್ಮ ದೇಶದ ಕಾನೂನು ಕಾಲೇಜುಗಳಲ್ಲೂ ಮೊದಲು ಓದಿಸುವ ಕೇಸುಗಳಲ್ಲಿ ಇದೊಂದು.

ಆದರೆ ಆಟ್ಕಿನ್ ಪ್ರಾಮಾಣಿಕವಾಗಿ ‘ಸೀಮಿತ’ ಎಂದದ್ದನ್ನು ನಾವು ಮರೆಯಬಾರದು. ಈ ಕಾನೂನಿನ ಪ್ರಕಾರ ಯಾಜಕನೂ ಲೇವಿಯನೂ ತಪ್ಪಿತಸ್ಥರಲ್ಲ. ಅವರು ಹೊಡೆಯಲಿಲ್ಲ, ಬರೀ ಹೊರಟುಹೋದರು. ಯುರೋಪಿನ ಬೇರೆ ದೇಶಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಫ್ರಾನ್ಸ್, ಜರ್ಮನಿಗಳಲ್ಲಿ ಅಪಾಯದಲ್ಲಿರುವವನಿಗೆ ಕೈಲಾದ ಸಹಾಯ ಮಾಡದೇ ಹೋಗುವುದೇ ಅಪರಾಧ. 2016ರ ಅಕ್ಟೋಬರಿನಲ್ಲಿ ಜರ್ಮನಿಯ ಎಸ್ಸೆನ್ ನಗರದ ಬ್ಯಾಂಕೊಂದರಲ್ಲಿ ಎಂಬತ್ತು ದಾಟಿದ ಮುದುಕರೊಬ್ಬರು ಕುಸಿದುಬಿದ್ದರು. ಒಬ್ಬರಾದ ಮೇಲೆ ಒಬ್ಬರಂತೆ ಬಂದವರು ಅವರನ್ನು ದಾಟಿ, ದುಡ್ಡು ತೆಗೆದುಕೊಂಡು ಹೋದರು. ಆಮೇಲೆ ಬಂದ ಒಬ್ಬರು ಫೋನ್ ಮಾಡಿದರು. ಆ ಮುದುಕರು ಉಳಿಯಲಿಲ್ಲ. ದಾಟಿ ಹೋದವರಲ್ಲಿ ಮೂವರಿಗೆ ಕೋರ್ಟು ಮರುವರ್ಷ ದಂಡ ಹಾಕಿತು. ಯಾರೋ ಮನೆಯಿಲ್ಲದವನು ಮಲಗಿದ್ದಾನೆ ಎಂದುಕೊಂಡೆವು ಎಂದು ಅವರು ಹೇಳಿಕೊಂಡಿದ್ದರು. ಮನೆಯಿಲ್ಲದವನಾದರೆ ಬಗ್ಗಿ ನೋಡಬೇಕಾಗಿಲ್ಲ ಎಂಬ ಲೆಕ್ಕ ಅದರೊಳಗಿದೆ. ನನ್ನ ನೆರೆಯವನು ಯಾರು ಅನ್ನುವ ಆ ಹಳೆಯ ಪ್ರಶ್ನೆ ಬ್ಯಾಂಕಿನೊಳಗೂ ಬಂತು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಜನ ನಿಲ್ಲದೇ ಹೋಗುವುದಕ್ಕೆ ಬಹಳ ಕಾಲ ಒಂದು ಗಟ್ಟಿ ಕಾರಣ ಇತ್ತು: ಪೊಲೀಸ್ ಮತ್ತು ಕೋರ್ಟಿನ ಭಯ. ಆಸ್ಪತ್ರೆಗಳೂ ‘ಇದು ಪೊ­ಲೀಸ್ ಕೇಸು’ ಎಂದು ಮುಟ್ಟುತ್ತಿರಲಿಲ್ಲ. ಕಾರು ಹೊಡೆದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳದೆ, ಇಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಕಳಿಸಿ, ಅವನು ದಾರಿಯಲ್ಲೇ ಸತ್ತ ಸುದ್ದಿ ಪರಮಾನಂದ ಕಟಾರಾ ಅವರ ಅರ್ಜಿಯ ಮೂಲಕ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ ಎಂದು ಕೋರ್ಟ್ 1989ರಲ್ಲಿ ಹೇಳಿತು. ಅದು ಛತ್ರದವನಿಗೆ ಹೇಳಿದ ಮಾತು. ಕರೆತಂದವನ ರಕ್ಷಣೆಗೆ ಇನ್ನೂ ಬಹಳ ವರ್ಷ ಬೇಕಾಯಿತು. ಸೇವ್ ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಹಾಕಿದ ಅರ್ಜಿಯ ಮೇಲೆ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಸಹಾಯ ಮಾಡಿದವರನ್ನು ರಕ್ಷಿಸುವ ಕೇಂದ್ರದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು.

ಅದೇ ವರ್ಷ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಆದದ್ದು ನಿಮಗೆಲ್ಲ ನೆನಪಿರಬೇಕು. ಲಾರಿ ಹರಿದು ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಆ ಸ್ಥಿತಿಯಲ್ಲಿ, ನನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ಬೇರೆಯವರಿಗೆ ಸಂದವು. ಕರ್ನಾಟಕ ಸರ್ಕಾರ ಅವನ ಹೆಸರಿನಲ್ಲೇ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತದಲ್ಲಿ ಗಾಯಗೊಂಡವರು ಯಾರೇ ಆಗಲಿ, ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಕೊಡುತ್ತದೆ ಎಂದಿತು. ಎರಡು ಬೆಳ್ಳಿ ನಾಣ್ಯ ನೆನಪಾಗುತ್ತದೆ ಅಲ್ವಾ? ಅದರ ಮರುವರ್ಷವೇ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿ ರಕ್ತದಲ್ಲಿ ಬಿದ್ದಿದ್ದ ಸೈಕಲ್ ಹುಡುಗನ ಸುತ್ತ ನಿಂತು ಜನ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು, ಆ ಹುಡುಗ ತೀರಿಕೊಂಡ. ಇದನ್ನೂ ಹೇಳದೆ ಮುಂದೆ ಹೋಗಲಾರೆ.

ಇಂಗ್ಲಿಷಿನಲ್ಲಿ ಗುಡ್ ಸಮರಿಟನ್ ಅಂದರೆ ಒಳ್ಳೆಯ ಸಮಾರ್ಯದವನು. ಕರ್ನಾಟಕದ ಗುಡ್ ಸಮರಿಟನ್ ಕಾಯ್ದೆ 2016ರದ್ದು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. 2020ರಲ್ಲಿ ಬಂದ ಅದರ ನಿಯಮಗಳಲ್ಲಿ ಹೆಸರು, ವಿಳಾಸ ಕೊಡಿ ಎಂದು ಬಲವಂತ ಮಾಡುವಂತಿಲ್ಲ ಎಂದಿದೆ. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ಅದನ್ನು ಓದಿದಾಗ ನಾನು ಅಲ್ಲೇ ನಿಂತೆ. ಸಹಾಯ ಮಾಡಿದವರನ್ನು ಧರ್ಮ, ರಾಷ್ಟ್ರೀಯತೆ, ಜಾತಿ, ಲಿಂಗದ ಭೇದವಿಲ್ಲದೆ ಗೌರವದಿಂದ ನಡೆಸಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಕಾಪಾಡಿದವನ ಜಾತಿ, ಧರ್ಮ ನೋಡಿ ಮುಖ ತಿರುಗಿಸುವವರು ಇದ್ದಾರೆ ಎಂದು ಆ ಸಾಲು ಬರೆದವರಿಗೆ ಗೊತ್ತಿತ್ತು. ಎಷ್ಟೋ ಚಿತ್ರಗಳು, ಎಷ್ಟೋ ಪ್ರಸಂಗಗಳು ಕಳೆದುಕೊಂಡ ಮುಳ್ಳು ನಮ್ಮ ಮೋಟಾರು ವಾಹನ ನಿಯಮದಲ್ಲಿ ಉಳಿದಿದೆ.

ಇನ್ನು ಹಣದ ಮಾತು. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1980ರ ಒಂದು ಟಿವಿ ಸಂದರ್ಶನದಲ್ಲಿ, ಸಮಾರ್ಯದವನಿಗೆ ಬರೀ ಒಳ್ಳೆಯ ಉದ್ದೇಶ ಇದ್ದಿದ್ದರೆ ಯಾರೂ ಅವನನ್ನು ನೆನೆಯುತ್ತಿರಲಿಲ್ಲ, ಅವನ ಹತ್ತಿರ ಹಣವೂ ಇತ್ತು ಎಂದರು. ಅವರನ್ನು ಬಹಳ ಜನ ಬೈದರು. ಕಥೆಯಲ್ಲಿ ನಾಣ್ಯ ಇರುವುದು ನಿಜ. ಆದರೆ ಯಾಜಕನ ಹತ್ತಿರವೂ ಹಣ ಇದ್ದಿರಬಹುದು, ಅಲ್ವಾ? ಕಥೆ ಎಣಿಸುವುದು ಜೇಬಿನಲ್ಲಿದ್ದ ನಾಣ್ಯವನ್ನಲ್ಲ, ಕೊಟ್ಟ ನಾಣ್ಯವನ್ನು.

ಥ್ಯಾಚರ್ ಅವರಿಗಿಂತ ಮೊದಲೇ ಇದೇ ಕಥೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದವರು ಮಾರ್ಟಿನ್ ಲೂಥರ್ ಕಿಂಗ್. 1959ರಲ್ಲಿ ಭಾರತ ಪ್ರವಾಸ ಮುಗಿಸಿ ಹಿಂದಿರುಗುವಾಗ ಅವರೂ ಹೆಂಡತಿ ಕೊರೆಟ್ಟಾ ಅವರೂ ಯೆರೂಸಲೇಮಿನಲ್ಲಿ ಬಾಡಿಗೆ ಕಾರು ಹಿಡಿದು ಆ ಯೆರಿಕೋ ದಾರಿಯಲ್ಲಿ ಇಳಿದಿದ್ದರು. ಆ ತಿರುವುಗಳನ್ನು ನೋಡಿದಾಗ ಯೇಸು ಈ ಜಾಗವನ್ನೇ ಯಾಕೆ ಆರಿಸಿಕೊಂಡರು ಎಂದು ತಿಳಿಯಿತು ಎಂದು ಆಮೇಲೆ ಹೇಳಿದರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಮಾತಾಡುತ್ತಾ, ದಾರಿಬದಿಯಲ್ಲಿ ಸಮಾರ್ಯದವನಾಗುವುದು ಬರೀ ಆರಂಭ, ಜನ ಮತ್ತೆ ಮತ್ತೆ ಹೊಡೆತ ತಿನ್ನದ ಹಾಗೆ ಯೆರಿಕೋ ದಾರಿಯನ್ನೇ ಬದಲಿಸಬೇಕು ಎಂದರು. ನಮ್ಮ ಕಾಯ್ದೆಗಳೆಲ್ಲ ಬಿದ್ದವನನ್ನು ಎತ್ತುವ ಬಗ್ಗೆ ಇವೆ. ಕಿಂಗ್ ಕೇಳಿದ್ದು, ಅವನು ಯಾಕೆ ಬಿದ್ದ ಎಂದು.

ಸರಿಯಾಗಿ ಒಂದು ವರ್ಷಕ್ಕೆ ಒಂದು ದಿನ ಮೊದಲು, 1968ರ ಏಪ್ರಿಲ್ 3ರ ರಾತ್ರಿ, ಅವರು ಮೆಂಫಿಸ್ ನಗರದಲ್ಲಿದ್ದರು. ಫೆಬ್ರವರಿ 1ರಂದು ಅಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯೊಳಗೆ ಕೂತಿದ್ದ ಇಬ್ಬರು ಕರಿಯ ಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ನಜ್ಜುಗುಜ್ಜಾಗಿ ಸತ್ತಿದ್ದರು. ಫೆಬ್ರವರಿ 12ರಿಂದ ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದ್ದರು. ಅವರ ಕೈಯಲ್ಲಿದ್ದ ಫಲಕಗಳ ಮೇಲೆ ‘ನಾನೊಬ್ಬ ಮನುಷ್ಯ’ ಎಂದಿತ್ತು. ಆ ರಾತ್ರಿ ಕಿಂಗ್ ಸಮಾರ್ಯದವನ ಕಥೆ ಹೇಳಿದರು. ಅವನು ಬೇರೆ ಜನಾಂಗದವನು ಎಂದು ಬಿಡಿಸಿಯೇ ಹೇಳಿದರು. ಯಾಜಕನಿಗೂ ಲೇವಿಯನಿಗೂ ಹೆದರಿಕೆಯಾಗಿರಬಹುದು, ನಾನು ನಿಂತರೆ ನನಗೇನಾಗುತ್ತದೆ ಎಂದು ಅವರು ಕೇಳಿಕೊಂಡಿರಬಹುದು ಎಂದರು. ಸಮಾರ್ಯದವನು ಆ ಪ್ರಶ್ನೆಯನ್ನು ತಿರುಗಿಸಿದ: ನಾನು ನಿಲ್ಲದಿದ್ದರೆ ಇವನಿಗೇನಾಗುತ್ತದೆ? ಕಸ ಎತ್ತುವ ಕಾರ್ಮಿಕರ ಪರ ನಾನು ನಿಲ್ಲದಿದ್ದರೆ ಅವರಿಗೇನಾಗುತ್ತದೆ, ಇವತ್ತಿನ ಪ್ರಶ್ನೆ ಇದು ಎಂದು ಅಲ್ಲಿ ಸೇರಿದ್ದವರಿಗೆ ಹೇಳಿದರು.

ಮಾರನೇ ದಿನ ಸಂಜೆ ಅವರನ್ನು ಗುಂಡಿಟ್ಟು ಕೊಂದರು. ಕಾರ್ಮಿಕರು ಮುಷ್ಕರ ಬಿಡಲಿಲ್ಲ. ಏಪ್ರಿಲ್ 16ರಂದು ಮೆಂಫಿಸ್ ನಗರಾಡಳಿತ ಅವರ ಸಂಘವನ್ನು ಒಪ್ಪಿಕೊಂಡಿತು, ಕೂಲಿಯನ್ನೂ ಹೆಚ್ಚಿಸಿತು.